ಗುಂಗುರು ಕೂದಲಿನ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗುಂಗುರು ಕೂದಲಿನವರ ಪಾಲು ಹೆಚ್ಚುತ್ತಿದೆ. ಒಂದೊಂದಕ್ಕೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಟ್ಟಿಗೆ ಎತ್ತಿಕೊಂಡರೆ ಒಬ್ಬರಿಗೆ ಕೊಟ್ಟ ಉತ್ತರ ಮತ್ತೊಬ್ಬರಿಗೂ ಒದಗೀತೆಂದು ಈ ಸಲದ ಪುಟಗಳನ್ನು ಅವರಿಗೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 24 ವರ್ಷ. ಬೆನ್ನಿನ ಅರ್ಧದವರೆಗೆ ಬರುವ ಗುಂಗುರು ಕೂದಲಿದೆ. ದಿನಾ ಬೆಳಿಗ್ಗೆ ಬಾಚುತ್ತೇನೆ. ಬಾಚಿದ ಹತ್ತೇ ನಿಮಿಷಕ್ಕೆ ಪೊದೆಯಂತೆ ಎದ್ದು ನಿಲ್ಲುತ್ತದೆ. ನೆತ್ತಿ ಜಿಡ್ಡಾಗುತ್ತದೆ, ತುದಿ ಮಾತ್ರ ಒಣಗಿಯೇ ಇರುತ್ತದೆ. ಮೊಬೈಲಿನಲ್ಲಿ ನೋಡಿದರೆ ಒಬ್ಬೊಬ್ಬರು ಏಳೆಂಟು ಬಾಟಲಿಗಳನ್ನು ತೋರಿಸುತ್ತಾರೆ. ನಿಜವಾಗಿ ಬೇಕಾದದ್ದೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಕೂದಲನ್ನು ಎಬ್ಬಿಸಿ ನಿಲ್ಲಿಸುತ್ತಿರುವುದು ಬಾಚಣಿಗೆಯೇ. ಗುಂಗುರು ಕೂದಲಿನಲ್ಲಿ ಅಕ್ಕಪಕ್ಕದ ಎಳೆಗಳು ಒಂದೇ ದಿಕ್ಕಿಗೆ ಸುತ್ತಿಕೊಂಡು, ಒಂದಕ್ಕೊಂದು ಹೊಂದಿ, ಗೊಂಚಲು ಗೊಂಚಲಾಗಿ ಕೂರುತ್ತವೆ. ಒಣಗಿದ ಮೇಲೆ ಬಾಚಿದರೆ ಆ ಗೊಂಚಲುಗಳು ಒಡೆದು ಪ್ರತಿ ಎಳೆಯೂ ತನ್ನ ಪಾಡಿಗೆ ಬಾಗಿ ನಿಲ್ಲುತ್ತದೆ. ಆದ್ದರಿಂದ ಒಣಗಿದ ಕೂದಲನ್ನು ಬಾಚುವುದನ್ನು ಮೊದಲು ಬಿಡಿ. ಹಾಗೆಂದರೆ ಬಾಚಲೇಬಾರದು ಎಂದಲ್ಲ. ತಲೆಸ್ನಾನದ ದಿನ, ಕೂದಲು ಪೂರ್ತಿ ಒದ್ದೆಯಾಗಿ ಕಂಡಿಷನರ್ ಮೆತ್ತಿಕೊಂಡಿರುವಾಗ, ಮೊದಲು ಬೆರಳುಗಳಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬರಬೇಕೇ ಹೊರತು ನೆತ್ತಿಯಿಂದ ಕೆಳಕ್ಕೆ ಎಳೆಯಬಾರದು.

ತುದಿ ಒಣಗುವುದಕ್ಕೂ ಸುರುಳಿಯೇ ಕಾರಣ. ಚರ್ಮದೊಳಗೆ ಕೂದಲು ಹುಟ್ಟುವ ಕೋಶ ನೆಟ್ಟಗಿದ್ದರೆ ಕೂದಲು ನೇರವಾಗಿ ಬೆಳೆಯುತ್ತದೆ, ಬಾಗಿದ್ದರೆ ಸುರುಳಿಯಾಗುತ್ತದೆ. ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ ನೇರ ಕೂದಲು ಬಹುಮಟ್ಟಿಗೆ ದುಂಡಗೆ, ಗುಂಗುರು ಕೂದಲು ಒತ್ತಿದ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ನೆತ್ತಿಯ ಗ್ರಂಥಿಗಳಿಂದ ಬರುವ ಸಹಜವಾದ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ತಿರುವುಗಳಿರುವ ಕೂದಲಿನಲ್ಲಿ ಬುಡದ ಬಳಿಯೇ ಉಳಿಯುತ್ತದೆ. ನೆತ್ತಿ ಜಿಡ್ಡು, ತುದಿ ಒರಟು ಎಂಬ ನಿಮ್ಮ ದೂರು ಹಾಗಾಗಿ ರೋಗವೇನೂ ಅಲ್ಲ. ಎಳೆ ತಿರುಚಿಕೊಳ್ಳುವ ಜಾಗಗಳಲ್ಲಿ ಹೊರಪದರ ಬೇಗ ಸವೆಯುವುದರಿಂದ ಗುಂಗುರು ಕೂದಲು ಎಳೆತಕ್ಕೆ, ಉಜ್ಜುವಿಕೆಗೆ ಬೇಗ ತುಂಡಾಗುತ್ತದೆ ಎಂಬುದನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಬಾಟಲಿಗಳ ವಿಚಾರ. ಒಂದು ಮೃದುವಾದ ಶಾಂಪೂ, ಒಂದು ಕಂಡಿಷನರ್, ಒಂದು ಜೆಲ್ ಇದ್ದರೆ ಆರಂಭಕ್ಕೆ ಧಾರಾಳವಾಯಿತು. ವಾರಕ್ಕೆ ಒಂದೆರಡು ಬಾರಿ ತಲೆಸ್ನಾನ ಸಾಕು. ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ. ತೊಳೆಯುವಾಗ ಇಳಿದು ಬರುವ ನೊರೆಯೇ ಉದ್ದಕ್ಕೂ ಸಾಕಾಗುತ್ತದೆ. ಕಂಡಿಷನರನ್ನು ಇದಕ್ಕೆ ವಿರುದ್ಧವಾಗಿ ಕಿವಿಯ ಮಟ್ಟದಿಂದ ಕೆಳಗೆ, ಸಂಕೋಚವಿಲ್ಲದೆ ಹಚ್ಚಿ. ಸ್ಯಾಷೆಯಲ್ಲಿ ಬರುವಷ್ಟು ನಿಮ್ಮ ಕೂದಲಿನ ಉದ್ದಕ್ಕೆ ಯಾವ ಮೂಲೆಗೂ ಸಾಲದು. ನೀರು ಸುರಿದುಕೊಂಡ ಮೇಲೆ ಟವೆಲ್ಲಿನಿಂದ ತಲೆಯನ್ನು ತಿಕ್ಕಬೇಡಿ, ಬಡಿಯಬೇಡಿ. ತೆಳುವಾದ ಹಳೆಯ ಹತ್ತಿ ಪಂಚೆಯಲ್ಲೋ, ಕರಾವಳಿಯವರ ಬೈರಾಸಿನಲ್ಲೋ ಕೂದಲನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹಿಂಡಿದರೆ ಸಾಕು. ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಜೆಲ್ಲನ್ನು ಎರಡೂ ಅಂಗೈಗೆ ಸವರಿಕೊಂಡು ಕೂದಲಿನ ಮೇಲೆ ಹಾಯಿಸಿ, ತುದಿಗಳನ್ನು ಮುಷ್ಟಿಯಲ್ಲಿ ಮೇಲಕ್ಕೆ ಒತ್ತಿ ಬಿಟ್ಟುಬಿಡಿ. ಅದು ಪೂರ್ತಿ ಆರುವವರೆಗೆ ಮುಟ್ಟಬಾರದು. ಇದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಆರಿದಾಗ ಕೂದಲು ಗರಿಗರಿಯಾಗಿ, ಸೆಟೆದುಕೊಂಡಂತೆ ಕಾಣುತ್ತದೆ. ಅನೇಕರು ಇದನ್ನು ಕಂಡು ಹೆದರಿ ಜೆಲ್ಲನ್ನೇ ಬಿಟ್ಟುಬಿಡುತ್ತಾರೆ. ಅಂಗೈಯಲ್ಲಿ ಎರಡು ಹನಿ ಎಣ್ಣೆ ಸವರಿಕೊಂಡು ಹಿಸುಕಿದರೆ ಆ ಬಿರುಸು ಪುಡಿಯಾಗಿ ಕೆಳಗಿನ ಮೃದುವಾದ ಸುರುಳಿ ಹೊರಬರುತ್ತದೆ.

ನಿಮ್ಮದು 2ಸಿ ಬಗೆಯೋ 3ಎ ಬಗೆಯೋ ಎಂದು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಸುರುಳಿಯ ಬಿಗಿಗೆ ತಕ್ಕಂತೆ ಕೂದಲನ್ನು ಅಂಕಿ, ಅಕ್ಷರಗಳಿಂದ ಗುರುತಿಸುವ ಆ ವರ್ಗೀಕರಣವನ್ನು ಅಮೆರಿಕದ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ರೂಢಿಗೆ ತಂದರು. ಒಂದೇ ತಲೆಯಲ್ಲಿ ಮುಂದೊಂದು, ಹಿಂದೊಂದು ಬಗೆಯ ಸುರುಳಿ ಇರುವುದು ಸಾಮಾನ್ಯ. ಬಾಟಲಿಯ ಹಿಂದೆ ‘ಆಲ್ಕೋಹಾಲ್’ ಎಂದು ಕಂಡ ಕೂಡಲೇ ಎಸೆಯಲೂ ಬೇಡಿ. ಕಂಡಿಷನರಿನಲ್ಲಿರುವ ಸೀಟಿಲ್ ಆಲ್ಕೋಹಾಲ್, ಸೀಟೋಸ್ಟಿಯರಿಲ್ ಆಲ್ಕೋಹಾಲ್‌ಗಳು ಮೇಣದಂಥ ಜಿಡ್ಡಿನ ವಸ್ತುಗಳು, ಕೂದಲನ್ನು ಒಣಗಿಸುವಂಥವಲ್ಲ.

ಪ್ರಶ್ನೆ: ಧಾರವಾಡದಲ್ಲಿದ್ದಾಗ ನನ್ನ ಗುಂಗುರು ಕೂದಲು ಚೆನ್ನಾಗಿಯೇ ಇತ್ತು. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿದ್ದೇನೆ. ಇಲ್ಲಿ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರು. ಅದೇ ಶಾಂಪೂ, ಅದೇ ಎಣ್ಣೆ ಬಳಸಿದರೂ ಕೂದಲು ಬಿರುಸಾಗಿ, ಸುರುಳಿ ಸಡಿಲವಾಗಿ, ತೊಳೆದ ದಿನವೂ ಕೊಳೆಯಾದಂತೆ ಅನಿಸುತ್ತದೆ. ಷವರ್ ಫಿಲ್ಟರ್ ಹಾಕಿಸಿದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀರಿನ ಮೇಲಿನ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ನಲ್ಲಿಯ ಬಾಯಿಗೆ ಬಿಳಿ ಕಟ್ಟುವುದು, ಸೋಪು ನೊರೆ ಕೊಡದಿರುವುದು, ಬೇಳೆ ಬೇಗ ಬೇಯದಿರುವುದು ಇದೇ ಕಾರಣಕ್ಕೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ನಿಗದಿಪಡಿಸಿರುವಂತೆ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪಿಕೊಳ್ಳಬಹುದು. ಅಂದರೆ ಕುಡಿಯಲು ಪರವಾಗಿಲ್ಲ ಎನ್ನುವ ನೀರೂ ಕೂದಲಿಗೆ ಸಾಕಷ್ಟು ಗಡಸಾಗಿರಬಹುದು. ಈ ಲವಣಗಳು ಕೂದಲಿನ ಹೊರಪದರಕ್ಕೆ ಅಂಟಿಕೊಂಡು, ಎಳೆಯನ್ನು ಒರಟಾಗಿಸಿ, ಕಂಡಿಷನರ್ ತನ್ನ ಕೆಲಸ ಮಾಡದಂತೆ ತಡೆಯುತ್ತವೆ.

ಷವರಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರುಗಳ ವಿಚಾರದಲ್ಲಿ ನಿಮ್ಮ ಹಣ ಉಳಿಸುವುದು ನನ್ನ ಕರ್ತವ್ಯ. ಅವು ಕ್ಲೋರಿನ್ನನ್ನೂ ಮಣ್ಣು, ತುಕ್ಕುಗಳನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತವೆಯೇ ಹೊರತು ಗಡಸುತನವನ್ನು ತೆಗೆಯುವುದಿಲ್ಲ. ಅದನ್ನು ನಿಜವಾಗಿ ತೆಗೆಯುವುದು ರಾಳದ ಮೂಲಕ ಕ್ಯಾಲ್ಸಿಯಮ್ಮಿಗೆ ಬದಲಾಗಿ ಸೋಡಿಯಂ ಬಿಡುವ, ಆಗಾಗ ಉಪ್ಪು ಹಾಕಬೇಕಾದ ಸಾಫ್ಟನರ್ ಯಂತ್ರ. ಅದನ್ನು ಇಡೀ ಕಟ್ಟಡಕ್ಕೆ ಹಾಕಿಸಬೇಕಾದವರು ನಿಮ್ಮ ಪಿ.ಜಿ.ಯ ಮಾಲೀಕರು. ನೀರನ್ನು ಕಾಯಿಸುವುದರಿಂದಲೂ ಪೂರ್ತಿ ಪ್ರಯೋಜನವಿಲ್ಲ, ಏಕೆಂದರೆ ಕುದಿಸಿದಾಗ ಬೈಕಾರ್ಬೊನೇಟ್ ರೂಪದ ಗಡಸುತನ ಮಾತ್ರ ತಳಕ್ಕಿಳಿಯುತ್ತದೆ.

ನಿಮ್ಮ ಕೈಯಲ್ಲಿರುವುದು ಎರಡು ಕೆಲಸ. ತಿಂಗಳಿಗೆ ಒಂದೆರಡು ಬಾರಿ, ಪದಾರ್ಥಗಳ ಪಟ್ಟಿಯಲ್ಲಿ ಇಡಿಟಿಎ ಎಂದಿರುವ, ಲವಣ ಕಳೆಯಲೆಂದೇ ಮಾಡಿದ ‘ಕೀಲೇಟಿಂಗ್’ ಶಾಂಪೂವಿನಿಂದ ತೊಳೆಯಿರಿ. ಅದು ಲೋಹದ ಅಂಶವನ್ನು ಹಿಡಿದುಕೊಂಡು ಹೋಗುತ್ತದೆ. ಪ್ರತಿ ತಲೆಸ್ನಾನದ ಕೊನೆಯಲ್ಲಿ ಒಂದೆರಡು ಲೀಟರ್ ಕುಡಿಯುವ ಆರ್‌ಓ ನೀರನ್ನು ಕೂದಲಿನ ಮೇಲೆ ನಿಧಾನವಾಗಿ ಹೊಯ್ದುಕೊಳ್ಳಿ. ಬೇಕಿದ್ದರೆ ಒಂದು ಲೀಟರಿಗೆ ಒಂದು ದೊಡ್ಡ ಚಮಚ ವಿನಿಗರ್ ಬೆರೆಸಬಹುದು. ನೆತ್ತಿಯಲ್ಲಿ ಗಾಯವೋ ಉರಿಯೋ ಇದ್ದರೆ ಅದು ಬೇಡ. ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಹಿಡಿದಿಟ್ಟು ಸ್ನಾನಕ್ಕೆ ಬಳಸುವ ಮಿತವ್ಯಯಿಗಳನ್ನು ಕಂಡಿದ್ದೇನೆ. ನೆಲ ಒರೆಸಲು ಅದು ಸರಿ, ತಲೆಗೆ ಮಾತ್ರ ಬೇಡ: ಇದ್ದ ಲವಣವೆಲ್ಲ ಸಾಂದ್ರವಾಗಿ ಸೇರಿಕೊಂಡಿರುವುದು ಆ ನೀರಿನಲ್ಲೇ.

ಪ್ರಶ್ನೆ: ನಾನು 31 ವರ್ಷದ ಪುರುಷ. ಮಳೆಗಾಲದಲ್ಲಿ ನನ್ನ ಗುಂಗುರು ಕೂದಲು ಎರಡರಷ್ಟು ಉಬ್ಬುತ್ತದೆ. ಸ್ಕೂಟರಿನಲ್ಲಿ ಹೆಲ್ಮೆಟ್ ತೆಗೆದ ಮೇಲಂತೂ ಮೇಲೆ ಚಪ್ಪಟೆ, ಬದಿಯಲ್ಲಿ ಕೆದರು. ಉಪಾಯವಿದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಕೂದಲಿನೊಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ತೀರ ದುರ್ಬಲವಾದವು, ನೀರು ತಾಗಿದರೆ ಬಿಡುತ್ತವೆ, ಆರಿದಾಗ ಆಗಿರುವ ಆಕಾರದಲ್ಲೇ ಮತ್ತೆ ಕೂಡುತ್ತವೆ. ನಿಮ್ಮೂರಿನ ಜೂನ್ ತಿಂಗಳ ಗಾಳಿಯಲ್ಲೇ ಸಾಕಷ್ಟು ನೀರಿರುವುದರಿಂದ ಈ ಬಿಡುವುದು, ಕೂಡುವುದು ದಿನವಿಡೀ ನಡೆಯುತ್ತದೆ. ಮಳೆಗಾಲದ ಮಟ್ಟಿಗೆ ಗ್ಲಿಸರಿನ್ ಕಡಿಮೆಯಿರುವ, ಗಟ್ಟಿಯಾಗಿ ಹಿಡಿಯುವ ಜೆಲ್ ಬಳಸಿ. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಒದ್ದೆ ತಲೆಯ ಮೇಲೆ ಹೆಲ್ಮೆಟ್ ಹಾಕಬೇಡಿ, ಅದರ ಕೆಳಗೆ ತೆಳುವಾದ ನುಣುಪು ಬಟ್ಟೆಯೊಂದನ್ನು ಕಟ್ಟಿಕೊಳ್ಳಿ, ತಲುಪಿದ ಮೇಲೆ ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಬುಡವನ್ನು ಎತ್ತಿಬಿಡಿ. ಸುರುಳಿ ಕೆಡುತ್ತದೆಂದು ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ಓಡಿಸುವ ಯುವಕರಿಗೆ ಹೇಳಬಹುದಾದ ಉಪಾಯ ನನ್ನ ಬಳಿಯಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ದಿನಾ ತಲೆಗೆ ಎಣ್ಣೆ ಹಚ್ಚುವ ರೂಢಿ. ಅಮ್ಮ ಕೊಬ್ಬರಿ ಎಣ್ಣೆ ಎನ್ನುತ್ತಾರೆ, ಅಜ್ಜಿ ಕುಸುಬಿ ಎಣ್ಣೆ ಎನ್ನುತ್ತಾರೆ, ಗೆಳತಿಯರು ಹರಳೆಣ್ಣೆ ಹಚ್ಚಿದರೆ ಕೂದಲು ಬೆಳೆಯುತ್ತದೆ ಎನ್ನುತ್ತಾರೆ. ನನಗೆ ಗುಂಗುರು ಕೂದಲು, ಜೊತೆಗೆ ಹೊಟ್ಟೂ ಇದೆ. ಯಾವುದನ್ನು ಹಚ್ಚಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹೊಟ್ಟು ಇರುವವರೆಗೆ ನೆತ್ತಿಗೆ ಯಾವುದೂ ಬೇಡ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಚರ್ಮದ ಮೇಲಿನ ಜಿಡ್ಡನ್ನೇ ತಿಂದು ಬದುಕುತ್ತದೆ. ಒಣ ಚರ್ಮದಿಂದ ಹೊಟ್ಟು ಬರುತ್ತದೆಂದು ತಿಳಿದು ಎಣ್ಣೆ ಸುರಿದರೆ ಅದಕ್ಕೆ ಊಟ ಹಾಕಿದಂತಾಗುತ್ತದೆ. ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಬಾರಿ ನೆತ್ತಿಗೆ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಇಂಥ ಶಾಂಪೂ ಸುರುಳಿಯ ಉದ್ದವನ್ನು ಒಣಗಿಸುವುದರಿಂದ, ತಲೆಗೆ ನೀರು ಹಾಕಿಕೊಳ್ಳುವ ಮೊದಲೇ ಉದ್ದಕ್ಕೆ ಸ್ವಲ್ಪ ಕಂಡಿಷನರ್ ಸವರಿಟ್ಟುಕೊಂಡರೆ ಒಳ್ಳೆಯದು. ನಾಲ್ಕು ವಾರಗಳಲ್ಲಿ ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಕೂದಲಿನ ಉದ್ದಕ್ಕೆ ಹಚ್ಚುವ ಮಾತಾದರೆ ನಿಮ್ಮ ಅಮ್ಮನ ಪಕ್ಷ ನನ್ನದು. 2003ರಲ್ಲಿ ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿ, ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ ಎಂದು ತೋರಿಸಿತು. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದಾಗಿ, ನೇರವಾಗಿ ಇರುವುದರಿಂದ ಎಳೆಯ ಒಳಕ್ಕೆ ಇಳಿಯಬಲ್ಲದು ಎಂಬುದು ಅದಕ್ಕೆ ಕೊಟ್ಟ ವಿವರಣೆ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯೊಂದರಲ್ಲಿ ಇದ್ದವರು ಎಂಬುದನ್ನೂ ಹೇಳಿಬಿಡಬೇಕು. ಆದರೂ ವಿವರಣೆ ತರ್ಕಕ್ಕೆ ಒಪ್ಪುವಂತಿದೆ. ಕುಸುಬಿ ಎಣ್ಣೆಯೂ ಸೂರ್ಯಕಾಂತಿಯಂತೆ ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆಯಾದ್ದರಿಂದ ಎಳೆಯ ಮೇಲೆ ಹೊಳಪು ಕೊಟ್ಟು ನಿಲ್ಲುತ್ತದೆ. ಅಜ್ಜಿಯವರ ಮಾತನ್ನು ಅಡುಗೆಮನೆಯಲ್ಲಿ ನಡೆಸಿಕೊಡಿ. ಹರಳೆಣ್ಣೆಯಿಂದ ಕೂದಲು ಬೆಳೆಯುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅದರ ಅಂಟಿನಿಂದ ಗುಂಗುರು ಕೂದಲು ಬಿಡಿಸಲಾಗದಷ್ಟು ಸಿಕ್ಕಾಗುವ ಅಪಾಯವಂತೂ ಇದೆ.

ಎಣ್ಣೆ ನೀರಲ್ಲ ಎಂಬುದು ಇಲ್ಲಿ ಮುಖ್ಯ. ಅದು ತೇವವನ್ನು ಕೊಡುವುದಿಲ್ಲ, ಇರುವ ತೇವ ಹೋಗದಂತೆ ತಡೆಯುತ್ತದೆ ಅಷ್ಟೆ. ಆದ್ದರಿಂದ ದಿನಾ ಒಣ ಕೂದಲಿಗೆ ಹಚ್ಚುವುದನ್ನು ಬಿಟ್ಟು, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಉದ್ದಕ್ಕೂ ತೆಳುವಾಗಿ ಹಚ್ಚಿಕೊಳ್ಳಿ. ಹಾಗೆ ಎಣ್ಣೆ ಹಚ್ಚುವವರು ಸಲ್ಫೇಟ್‌ರಹಿತ ಶಾಂಪೂವನ್ನೇ ಬಳಸಬೇಕೆಂಬ ಹಟವನ್ನೂ ಬಿಡಬೇಕು. ನಮ್ಮ ಧೂಳಿಗೂ ನಮ್ಮ ಎಣ್ಣೆಗೂ ಆ ಮೃದು ಶಾಂಪೂಗಳು ಕೆಲವೊಮ್ಮೆ ಸೋಲುತ್ತವೆ; ತಿಂಗಳಿಗೊಮ್ಮೆ ಸಾಮಾನ್ಯ ಶಾಂಪೂ ಹಾಕಿ ತೊಳೆದರೆ ಸುರುಳಿಗೆ ಯಾವ ಕೇಡೂ ಆಗದು.

ಪ್ರಶ್ನೆ: ನಾನು ಮೊದಲಿನಿಂದಲೂ ಸೀಗೆಪುಡಿಯನ್ನೇ ಬಳಸಿದವಳು. ಮೊಮ್ಮಗಳಿಗೆ ನನ್ನಂತೆಯೇ ಗುಂಗುರು ಕೂದಲು. ಅವಳಿಗೂ ಸೀಗೆ, ದಾಸವಾಳದ ಎಲೆ ಹಾಕಬಹುದೇ? ಅವಳು ಶಾಂಪೂವೇ ಬೇಕೆನ್ನುತ್ತಾಳೆ.
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಹಾಕಬಹುದು, ಆದರೆ ನಿಮ್ಮ ಕಾಲದ ಕ್ರಮವನ್ನು ಸ್ವಲ್ಪ ಬದಲಾಯಿಸಬೇಕು. ಸೀಗೆಯಲ್ಲಿರುವ ಸಪೋನಿನ್ ಎಂಬ ಅಂಶ ನೀರಿನಲ್ಲಿ ನೊರೆಗಟ್ಟಿ ಜಿಡ್ಡನ್ನು ಬಿಡಿಸುತ್ತದೆ, ಅದೂ ಕ್ಷಾರದ ಸೋಪಿನ ಹಾಗೆ ಎಳೆಯ ಹೊರಪದರವನ್ನು ಉಬ್ಬಿಸದೆ. ಮೈಸೋಪಿನಲ್ಲಿ ತಲೆ ತೊಳೆಯುವುದಕ್ಕಿಂತ ಇದು ಎಷ್ಟೋ ಮೇಲು. ತೊಂದರೆಯಿರುವುದು ಪುಡಿಯಲ್ಲಿ. ಸರಿಯಾಗಿ ಜರಡಿ ಹಿಡಿಯದ ಸೀಗೆಪುಡಿಯ ಕಣಗಳು ಸುರುಳಿಗಳ ನಡುವೆ ಸಿಕ್ಕಿಕೊಂಡು, ಉಜ್ಜಿದಾಗ ಎಳೆಯನ್ನು ತರಚುತ್ತವೆ. ಕಾಯನ್ನೇ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಮಾತ್ರ ಬಳಸಿದರೆ ಈ ತೊಂದರೆ ಇರುವುದಿಲ್ಲ. ಕಣ್ಣಿಗೆ ಬಿದ್ದರೆ ಉರಿಯುವುದು ಮಾತ್ರ ಆಗಲೂ ತಪ್ಪದು. ಶಾಂಪೂ ಬೇಕೆನ್ನುವ ಮೊಮ್ಮಗಳ ತಕರಾರಿಗೆ ಅದೇ ಕಾರಣವಿದ್ದೀತು.

ದಾಸವಾಳದ ವಿಚಾರಕ್ಕೆ ಬಂದರೆ ನನಗೆ ಸೀಗೆಗಿಂತ ಅದರ ಮೇಲೇ ಪ್ರೀತಿ ಹೆಚ್ಚು. ಎಲೆಗಳನ್ನು ನೀರಿನಲ್ಲಿ ಕಿವುಚಿದಾಗ ಬರುವ, ಕರಾವಳಿಯ ಮನೆಗಳಲ್ಲಿ ಗೊಂಪು ಎನ್ನುವ ಆ ಲೋಳೆ ಹೆಚ್ಚು ಜಿಡ್ಡು ತೆಗೆಯಲಾರದು, ಆದರೆ ಎಳೆಗಳ ನಡುವೆ ಜಾರಿಕೆಯನ್ನು ತರುತ್ತದೆ. ಈಗ ಕಂಡಿಷನರ್ ಹಾಕಿ ಸಿಕ್ಕು ಬಿಡಿಸಿ ಎಂದು ಹೇಳುವುದನ್ನು ನಿಮ್ಮ ಪೀಳಿಗೆಯವರು ಬಚ್ಚಲಲ್ಲಿ ಗೊಂಪಿನಿಂದ ಮಾಡಿಕೊಂಡು ಬಂದಿದ್ದೀರಿ. ಆದ್ದರಿಂದ ಮೊದಲು ಸೀಗೆಯ ತಿಳಿನೀರು ಅಥವಾ ಅವಳು ಕೇಳುವ ಶಾಂಪೂ, ಆಮೇಲೆ ಚೆನ್ನಾಗಿ ಸೋಸಿದ ಗೊಂಪು ಎಂದು ಇಬ್ಬರೂ ರಾಜಿಯಾಗಬಹುದು. ಎಲೆಯ ಚೂರುಗಳು ಉಳಿದರೆ ಗುಂಗುರು ಕೂದಲಿನಿಂದ ಅವನ್ನು ಆರಿಸಿ ತೆಗೆಯುವುದರಲ್ಲಿ ಮಧ್ಯಾಹ್ನವಾಗುತ್ತದೆ, ಸೋಸುವುದನ್ನು ಮರೆಯಬೇಡಿ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ತುಂಬ ಗುಂಗುರು ಕೂದಲು. ಶಾಲೆಯಲ್ಲಿ ಎಣ್ಣೆ ಹಾಕಿ ಎರಡು ಜಡೆ ಹೆಣೆದುಕೊಂಡೇ ಬರಬೇಕು. ಬೆಳಿಗ್ಗೆ ಜಡೆ ಹಾಕುವಾಗ ದಿನವೂ ಅಳು. ನಮ್ಮ ಅತ್ತೆಯವರು, ಜವಳ ತೆಗೆಸಿದಾಗ ಸರಿಯಾಗಿ ಬೋಳಿಸಲಿಲ್ಲ, ಇನ್ನೊಮ್ಮೆ ಬೋಳಿಸಿದರೆ ನೇರ ಕೂದಲು ಬರುತ್ತದೆ ಎನ್ನುತ್ತಾರೆ.
– ಓದುಗರೊಬ್ಬರು, ಹಾವೇರಿ

ಉತ್ತರ: ಕೂದಲಿನ ಆಕಾರ ತೀರ್ಮಾನವಾಗುವುದು ಚರ್ಮದೊಳಗಿನ ಕೋಶದಲ್ಲಿ, ಕ್ಷೌರದ ಕತ್ತಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಎಷ್ಟು ಸಲ ಬೋಳಿಸಿದರೂ ಬರುವುದು ಅದೇ ಕೂದಲು. ಶಿಶುವಿನ ನವಿರಾದ ಕೂದಲು ಹೋಗಿ ಬೇರೆ ಬಗೆಯ ಕೂದಲು ಬರುವುದು, ಪ್ರಾಯಕ್ಕೆ ಬಂದಾಗ ನೇರ ಕೂದಲು ಗುಂಗುರಾಗುವುದು ಅಥವಾ ಗುಂಗುರು ಸಡಿಲವಾಗುವುದು ಉಂಟು. ಆದರೆ ಅದು ವಯಸ್ಸಿನ, ಹಾರ್ಮೋನುಗಳ ಕೆಲಸ. ಜವಳದ ಆಸುಪಾಸಿನಲ್ಲೇ ಇಂಥ ಬದಲಾವಣೆ ಕಂಡ ಹಿರಿಯರು ಎರಡಕ್ಕೂ ಗಂಟು ಹಾಕಿದ್ದರಲ್ಲಿ ಅಚ್ಚರಿಯಿಲ್ಲ. ಅತ್ತೆಯವರಿಗೆ ಹೀಗೆಂದೇ ಹೇಳಿನೋಡಿ. ಎಂಟು ವರ್ಷದ ಹುಡುಗಿಯನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ಬೋಳಿಸಿ ಶಾಲೆಗೆ ಕಳಿಸುವುದು ಕೂದಲಿಗಿಂತ ದೊಡ್ಡ ವಿಷಯ, ಅದಕ್ಕೆ ಒಪ್ಪಬೇಡಿ.

ಎರಡು ಜಡೆಯ ನಿಯಮ ಗುಂಗುರು ಕೂದಲಿಗೆ ಶತ್ರುವಲ್ಲ. ಹೆಣೆದಿಟ್ಟ ಕೂದಲು ಬಿಟ್ಟ ಕೂದಲಿಗಿಂತ ಕಡಿಮೆ ಸಿಕ್ಕಾಗುತ್ತದೆ. ಅಳು ಬರುವುದು ಒಣ ಬಾಚಣಿಗೆಯಿಂದ. ಹಿಂದಿನ ರಾತ್ರಿಯೇ ನೀರಿಗೆ ಸ್ವಲ್ಪ ಕಂಡಿಷನರ್ ಕದಡಿ ಸ್ಪ್ರೇ ಬಾಟಲಿಯಲ್ಲಿ ಸಿಂಪಡಿಸಿ, ತುದಿಯಿಂದ ಮೇಲಕ್ಕೆ ಬಿಡಿಸಿ, ಸಡಿಲವಾಗಿ ಹೆಣೆದು ಮಲಗಿಸಿ. ಬೆಳಿಗ್ಗೆ ಮೇಲಿನ ಭಾಗವನ್ನು ಒದ್ದೆ ಕೈಯಿಂದ ಸವರಿ ರಿಬ್ಬನ್ ಕಟ್ಟಿದರೆ ಮುಗಿಯಿತು. ಹಣೆಯ ಅಂಚು ಸೆಳೆಯುವಷ್ಟು ಬಿಗಿಯಾಗಿ ಮಾತ್ರ ಕಟ್ಟಬೇಡಿ, ವರ್ಷಗಟ್ಟಲೆ ಹಾಗೆ ಎಳೆದರೆ ಅಲ್ಲಿ ಕೂದಲು ಶಾಶ್ವತವಾಗಿ ಹೋಗಬಹುದು. ಶಾಲೆಯಿಂದ ಹೇನು ಬಂದರೂ ಇದೇ ಕಂಡಿಷನರ್ ನೆರವಿಗೆ ಬರುತ್ತದೆ: ದಟ್ಟವಾಗಿ ಹಚ್ಚಿ, ಮೊದಲು ಅಗಲ ಹಲ್ಲಿನದರಲ್ಲಿ ಬಿಡಿಸಿ, ಆಮೇಲೆ ಸೀರಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಎಳೆದು ತೆಗೆಯಿರಿ.

ಪ್ರಶ್ನೆ: ಆರು ತಿಂಗಳಲ್ಲಿ ಮದುವೆ. ನಮ್ಮೂರಿನ ಪಾರ್ಲರಿನವರು ‘ಕೆರಾಟಿನ್ ಮಾಡಿಸಿ, ಅದು ಕೆಮಿಕಲ್ ಅಲ್ಲ, ಪ್ರೋಟೀನ್, ಕೂದಲಿಗೆ ಒಳ್ಳೆಯದು’ ಎನ್ನುತ್ತಾರೆ. ಗಂಡಿನ ಮನೆಯವರೂ ನೇರ ಕೂದಲಿದ್ದರೆ ಅಲಂಕಾರ ಚೆನ್ನಾಗಿ ಕೂರುತ್ತದೆ ಎಂದಿದ್ದಾರೆ. ಮಾಡಿಸಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ತಲೆ, ನಿಮ್ಮ ತೀರ್ಮಾನ, ಆದರೆ ತೀರ್ಮಾನಿಸುವ ಮೊದಲು ಏನು ನಡೆಯುತ್ತದೆಂದು ತಿಳಿದಿರಬೇಕು. ಪಾರ್ಲರುಗಳಲ್ಲಿ ಎರಡು ಬೇರೆ ಬೇರೆ ಕೆಲಸಗಳಿಗೆ ಹತ್ತಾರು ಹೆಸರುಗಳಿವೆ. ರೀಬಾಂಡಿಂಗ್, ಸ್ಮೂದನಿಂಗ್ ಎಂದು ಕರೆಯುವುದರಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ಕ್ಷಾರೀಯ ಲೇಪದಿಂದ ಕೆರಾಟಿನ್ನಿನ ಡೈಸಲ್ಫೈಡ್ ಬಂಧಗಳನ್ನು ಒಡೆದು, ಇಸ್ತ್ರಿಯಿಂದ ಕೂದಲನ್ನು ನೇರಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಆ ಬಂಧಗಳನ್ನು ನೇರವಾದ ಸ್ಥಿತಿಯಲ್ಲಿ ಮತ್ತೆ ಕೂಡಿಸುತ್ತಾರೆ. ಹಾಗೆ ಬದಲಾದ ಭಾಗ ಮತ್ತೆಂದೂ ಸುರುಳಿಯಾಗುವುದಿಲ್ಲ. ಹೊಸದಾಗಿ ಬರುವ ಕೂದಲು ಮಾತ್ರ ಗುಂಗುರಾಗಿಯೇ ಬರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವ ಕೂದಲಿನಲ್ಲಿ ಆರು ತಿಂಗಳಿಗೆ ಬೆರಳುದ್ದದ ಗುಂಗುರು, ಅದರ ಕೆಳಗೆ ನೇರ ಕೂದಲು ಜೋತಾಡುತ್ತದೆ. ಎರಡೂ ಸೇರುವ ಜಾಗದಲ್ಲೇ ಎಳೆ ತುಂಡಾಗುವುದು ಹೆಚ್ಚು.

‘ಕೆರಾಟಿನ್’ ಎಂಬ ಹೆಸರಿನ ಚಿಕಿತ್ಸೆಯಲ್ಲಿ ಪ್ರೋಟೀನ್ ಇರಬಹುದು, ಆದರೆ ಕೂದಲನ್ನು ನೇರವಾಗಿಸುವುದು ಅದಲ್ಲ. ಎಳೆಗಳನ್ನು ನೇರವಾದ ಸ್ಥಿತಿಯಲ್ಲಿ ಹಿಡಿದಿಡಲು ಬಹುಕಾಲದಿಂದ ಬಳಸುತ್ತಿರುವುದು ಫಾರ್ಮಾಲ್ಡಿಹೈಡ್, ಇಲ್ಲವೇ ಬಿಸಿ ತಾಗಿದಾಗ ಅದನ್ನು ಬಿಡುಗಡೆ ಮಾಡುವ ಮಿಥಿಲೀನ್ ಗ್ಲೈಕಾಲ್‌ನಂಥ ರಾಸಾಯನಿಕಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಚಿಕಿತ್ಸೆಯ ಹೊತ್ತಿಗೆ ಕಣ್ಣು, ಮೂಗು ಉರಿಯುವುದು ಇದರ ಹೊಗೆಯಿಂದ. ದಿನವಿಡೀ ಅದನ್ನು ಉಸಿರಾಡುವ ಪಾರ್ಲರಿನ ಹುಡುಗಿಯರ ಪಾಡು ಗಿರಾಕಿಗಳಿಗಿಂತ ಕಷ್ಟದ್ದು. ಅದಿಲ್ಲವೆಂದು ಹೇಳಿಕೊಳ್ಳುವ ಹೊಸ ಬಗೆಯ ಲೇಪಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿರುತ್ತದೆ. ಇಂಥ ಚಿಕಿತ್ಸೆಯ ಬಳಿಕ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಟ್ಟಿ ತೀವ್ರ ಹಾನಿಯಾದ ಪ್ರಕರಣಗಳನ್ನು ಇಸ್ರೇಲ್, ಫ್ರಾನ್ಸ್ ದೇಶಗಳ ವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಇಂಥವು ವಿರಳ, ನಿಜ. ಆದರೂ ‘ಕೆಮಿಕಲ್ ಅಲ್ಲ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಡಬ್ಬಿಯನ್ನು ತರಿಸಿ, ಪಟ್ಟಿಯನ್ನು ನೀವೇ ಓದಿ. ತೋರಿಸಲು ಹಿಂದೇಟು ಹಾಕಿದರೆ ಅಲ್ಲಿಂದ ಎದ್ದು ಬನ್ನಿ. ಗರ್ಭಿಣಿಯರು, ಆಸ್ತಮಾ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ಇದರ ಗೋಜಿಗೇ ಹೋಗಬಾರದು.

ಮದುವೆಯ ಅಲಂಕಾರದ ಮಟ್ಟಿಗೆ ಇನ್ನೊಂದು ಮಾತು. ಮೊಗ್ಗಿನ ಜಡೆಗಾಗಲಿ ತುರುಬಿಗಾಗಲಿ ನುಣುಪು ಕೂದಲಿಗಿಂತ ಗುಂಗುರು ಕೂದಲೇ ಗಟ್ಟಿ ಆಧಾರ. ಪಿನ್ನು ಜಾರುವುದಿಲ್ಲ, ಹೂವು ಜಗ್ಗುವುದಿಲ್ಲ. ಆ ದಿನ ಮುಂಭಾಗ ನುಣ್ಣಗಿರಬೇಕೆಂದರೆ ಬ್ಲೋ ಡ್ರೈಯರಿನಿಂದ ಹಿಗ್ಗಿಸಿದರೆ ಸಾಕು, ಮುಂದಿನ ತಲೆಸ್ನಾನಕ್ಕೆ ಸುರುಳಿ ತಾನಾಗಿ ಮರಳುತ್ತದೆ. ಗುಂಗುರು ಕೂದಲಿಗೆ ಅಲಂಕಾರ ಮಾಡಿ ಅನುಭವವಿರುವವರನ್ನು ಈಗಲೇ ಹುಡುಕಿ, ಒಂದು ಸಲ ಮಾಡಿಸಿ ನೋಡಿ. ಅದನ್ನು ಕಂಡ ಮೇಲೆ ಗಂಡಿನ ಮನೆಯವರ ಅಭಿಪ್ರಾಯವೂ ಬದಲಾದೀತು. ಬದಲಾಗದಿದ್ದರೂ ಕೂದಲು ನಿಮ್ಮದೇ.

ಪ್ರಶ್ನೆ: ಅಗಸೆ ಬೀಜದಿಂದ ಜೆಲ್ ಮಾಡಬಹುದಂತೆ. ನಮ್ಮ ಕಡೆ ಅಗಸಿ ಎಂದರೆ ಚಟ್ನಿಪುಡಿ ಅಷ್ಟೇ ಗೊತ್ತು. ಮಾಡುವುದು ಹೇಗೆ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಚಟ್ನಿಪುಡಿಗೆ ಹುರಿಯುವ ಮೊದಲು ಕಾಲು ಬಟ್ಟಲು ಬೀಜವನ್ನು ಎತ್ತಿಟ್ಟುಕೊಳ್ಳಿ, ಹುರಿದದ್ದು ಅಥವಾ ಪುಡಿಮಾಡಿದ್ದು ಇದಕ್ಕೆ ಆಗದು. ಎರಡು ಬಟ್ಟಲು ನೀರಿನಲ್ಲಿ ಹಾಕಿ, ತಳ ಹಿಡಿಯದಂತೆ ಕೈಯಾಡಿಸುತ್ತ 8ರಿಂದ 10 ನಿಮಿಷ ಕುದಿಸಿ. ಸೌಟಿನಿಂದ ಎತ್ತಿದಾಗ ಮೊಟ್ಟೆಯ ಬಿಳಿಯಂತೆ ನೂಲುನೂಲಾಗಿ ಇಳಿಯತೊಡಗಿದ ಕ್ಷಣವೇ ಒಲೆ ಆರಿಸಿ, ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಸೋಸಹೊರಟರೆ ಲೋಳೆ ಬೀಜವನ್ನು ಬಿಟ್ಟುಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ. ವಾಸನೆ ಬದಲಾದರೆ ಚೆಲ್ಲಿಬಿಡಿ, ಏಕೆಂದರೆ ಇದರಲ್ಲಿ ಕೆಡದಂತೆ ತಡೆಯುವ ವಸ್ತು ಯಾವುದೂ ಇಲ್ಲ. ಅಂಗಡಿಯ ಜೆಲ್ಲಿನಷ್ಟು ಬಿಗಿಯಾಗಿ ಇದು ಹಿಡಿಯದಿದ್ದರೂ ನಿಮ್ಮ ಕಡೆಯ ಒಣಹವೆಗೆ ಸಾಕಾಗುತ್ತದೆ. ಹೆಚ್ಚು ಹಚ್ಚಿದರೆ ಒಣಗಿದ ಮೇಲೆ ಬಿಳಿಯ ಪುಡಿ ಉದುರುತ್ತದೆ, ಅದನ್ನು ಹೊಟ್ಟೆಂದು ತಿಳಿದು ಗಾಬರಿಯಾಗಬೇಡಿ.

ಪ್ರಶ್ನೆ: ವಾರಕ್ಕೊಮ್ಮೆ ತಲೆಸ್ನಾನ ಮಾಡುವಾಗ ಮಾತ್ರ ಸಿಕ್ಕು ಬಿಡಿಸುತ್ತೇನೆ. ಆಗ ಕೈತುಂಬ ಕೂದಲು ಬರುತ್ತದೆ. ಕೂದಲು ಉದುರುವ ಕಾಯಿಲೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಯಾರ ತಲೆಯಿಂದಲೇ ಆಗಲಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರಿಗೆ ಅವು ದಿನಾ ಬಾಚಣಿಗೆಯಲ್ಲಿ ಹೋಗುತ್ತವೆ. ನಿಮಗೆ ಸುರುಳಿಗಳಲ್ಲೇ ಸಿಕ್ಕಿಕೊಂಡಿದ್ದು ವಾರದ ಲೆಕ್ಕವೆಲ್ಲ ಒಂದೇ ದಿನ ಕೈಗೆ ಬರುತ್ತದೆ. ಬಂದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ: ಒಂದು ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆಯಿದ್ದರೆ ಅದು ತನ್ನ ಅವಧಿ ಮುಗಿಸಿ ಬುಡದಿಂದ ಬಂದದ್ದು. ಚುಕ್ಕೆಯಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಾಗಿದ್ದರೆ ಕೂದಲು ಉದುರುತ್ತಿಲ್ಲ, ಮುರಿಯುತ್ತಿದೆ. ಆಗ ಕೈಯ ಒರಟುತನವನ್ನೂ ಬಿಸಿ ಉಪಕರಣಗಳ ಬಳಕೆಯನ್ನೂ ಕಡಿಮೆ ಮಾಡಬೇಕು. ಬೈತಲೆ ಅಗಲವಾಗುತ್ತಿದ್ದರೆ, ಅಲ್ಲಲ್ಲಿ ದುಂಡಗೆ ಬೋಳಾಗಿದ್ದರೆ ಅಥವಾ ಸುರುಳಿಯ ಗಾತ್ರ ಕೆಲವೇ ತಿಂಗಳಲ್ಲಿ ಎದ್ದು ಕಾಣುವಷ್ಟು ಇಳಿದಿದ್ದರೆ ಚರ್ಮವೈದ್ಯರನ್ನು ಕಾಣಿ. ರಕ್ತದಲ್ಲಿನ ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಅವರು ಮಾಡಿಸಬಹುದು. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಾಗಿರುವವರಿಗೆ ಆಗುವ ಉದುರುವಿಕೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ.